ಕೈ ತಪ್ಪಿದ ತಟ್ಟೆ

ಲಾಸ್ ಏಂಜಲೀಸಿನ ಸಮೀಪದ ಓಕ್ ಗ್ರೋವ್ ಉದ್ಯಾನದಲ್ಲಿ 1975ರಲ್ಲಿ ಎಡ್ ಹೆಡ್ರಿಕ್ ಎಂಬವರು ಡಿಸ್ಕ್ ಗಾಲ್ಫಿನ ಮೊದಲ ಕಾಯಂ ಮೈದಾನವನ್ನು ಸಿದ್ಧಪಡಿಸಿದರು. ಚೆಂಡಿಲ್ಲ, ಕೋಲಿಲ್ಲ, ಪ್ಲಾಸ್ಟಿಕ್ ತಟ್ಟೆಯೊಂದನ್ನು ಎಸೆದೆಸೆದು, ಸರಪಳಿ ಇಳಿಬಿಟ್ಟ ಬುಟ್ಟಿಗೆ ಬೀಳಿಸಬೇಕು, ಅಷ್ಟೆ. ನೋಡುವವರಿಗೆ ಮಕ್ಕಳಾಟ, ಆಡುವವನ ಪಾಡು ಬೇರೆ.

ಅಂಥ ಮೈದಾನಕ್ಕೆ ಬಂದ ಅಲ್ಲಿಯ ಗೃಹಸ್ಥನೊಬ್ಬನನ್ನು ನೋಡಬೇಕು. ಜೊತೆಗೆ, ಬರುವ ವಾರ ಕಾಲೇಜಿಗೆಂದು ದೂರದ ಊರಿಗೆ ಹೊರಡಲಿರುವ ಮಗಳು. ಅವಳೆದುರು ಸೋಲಬಾರದೆಂದು ಅತಿವೇಗದ, ಅಂಚು ಚೂಪಾದ ತಟ್ಟೆಯನ್ನೇ ಆರಿಸುತ್ತಾನೆ. ಮೈಯ ಬಲವನ್ನೆಲ್ಲ ತೋಳಿಗೆ ತಂದು ಬೀಸುತ್ತಾನೆ. ತಟ್ಟೆಯ ಮೂತಿ ಮೇಲೇಳುತ್ತದೆ, ಗಾಳಿ ಅದರ ಹೊಟ್ಟೆಗೆ ಬಡಿಯುತ್ತದೆ. ಅದು ಏರಿ, ಕ್ಷಣಕಾಲ ತಡೆದು, ಬಲಗೈಯವರ ತಟ್ಟೆಯ ವಾಡಿಕೆಯಂತೆ ಎಡಕ್ಕೆ ಹೊರಳಿ ಪೊದೆಯೊಳಗೆ ಬೀಳುತ್ತದೆ. ಮಗಳು ನಿಧಾನದ ತಟ್ಟೆಯೊಂದನ್ನು ಸೊಂಟ ತಿರುಗಿಸಿ ಮಟ್ಟಸವಾಗಿ ಬಿಡುತ್ತಾಳೆ. ದೂರ ಹೋಗುವುದು ಅದೇ!

ಇಲ್ಲಿಯವರೆಗೆ ತಪ್ಪು ಕೈಯದು. ಮುಂದಿನದು ಮನಸ್ಸಿನದು. ಪೊದೆಯಿಂದ ಮೆಲ್ಲನೆ ಬಯಲಿಗೆ ಎಸೆದುಕೊಂಡರೆ ಒಂದೇ ಎಸೆತದ ನಷ್ಟ. ಅವನಿಗೋ ಎರಡು ಮರಗಳ ನಡುವಿನ ಗೇಣಗಲದ ಸಂದೇ ರಾಜಮಾರ್ಗವಾಗಿ ಕಾಣುತ್ತದೆ. ಫಟ್ಟನೆ ಮರಕ್ಕೆ ಬಡಿದ ತಟ್ಟೆ ಇನ್ನೂ ಹಿಂದಕ್ಕೆ! ಆ ಸಿಟ್ಟನ್ನು ಬುಟ್ಟಿಯ ತನಕ ಹೊತ್ತು ತಂದು, ಐದು ಮೀಟರಿನ ಎಸೆತವನ್ನೂ ತಪ್ಪಿಸುತ್ತಾನೆ. ಸರಪಳಿಯ ಬದಲು ಅವನ ಕಣ್ಣು ಮಗಳ ಮುಖದ ಮೇಲಿತ್ತು.

ಅವಳು ನಗುತ್ತಿರಲಿಲ್ಲ.

“ಅಪ್ಪಾ, ಇನ್ನೊಮ್ಮೆ ಎಸೆ. ಇದನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ.”

ಅವನು ಚೀಟಿಯಲ್ಲಿ ಏಳೆಂದೇ ಬರೆದು, ಪೆನ್ಸಿಲನ್ನು ಅವಳ ಕೈಗೆ ಕೊಟ್ಟನು.