ಐವತ್ತು ಪೈಸೆಯ ನೆಟ್‌ವರ್ಕ್

ಕಳೆದ ಏಪ್ರಿಲ್‌ನಲ್ಲಿ ನನ್ನ ತಂಗಿ ಸಾಗರದ ಹತ್ತಿರ ನಡೆದ 12 ದಿನಗಳ ಬೇಸಿಗೆ ಶಿಬಿರಕ್ಕೆ ಹೊರಟಳು. ವಯಸ್ಸು ಹತ್ತು. ಅಮ್ಮನನ್ನು ಬಿಟ್ಟು ಒಂದು ರಾತ್ರಿಯೂ ಮಲಗಿದವಳಲ್ಲ. ಶಿಬಿರದ ನಿಯಮ ಸರಳ: ಮಕ್ಕಳ ಕೈಗೆ ಮೊಬೈಲ್ ಇಲ್ಲ, ತುರ್ತಿಗೆ ಮಾತ್ರ ಮೇಷ್ಟ್ರ ನಂಬರು, ಉಳಿದಂತೆ ಕಾಗದ ಬರೆಯಿರಿ.

ಸ್ಟಡಿ ಹಾಲಿಡೇಸ್ ಅಂತ ನಾನು ದಾವಣಗೆರೆಯ ಮನೆಯಲ್ಲೇ ಇದ್ದೆ. ಅಂಚೆ ಕಚೇರಿಗೆ ಹೋಗಿ 20 ಪೋಸ್ಟ್ ಕಾರ್ಡ್ ತಂದೆ. ಒಂದಕ್ಕೆ 50 ಪೈಸೆ, ಒಟ್ಟು ಹತ್ತೇ ರೂಪಾಯಿ. ಅರ್ಧದ ಮೇಲೆ ನಮ್ಮ ವಿಳಾಸ, 577001 ಅಂತ ಪಿನ್ ಕೋಡ್ ಬರೆದು ಅವಳ ಬ್ಯಾಗಿಗೆ ಹಾಕಿದೆ.

ಅವಳು ಹೋದ ದಿನವೇ ಅಮ್ಮ ಮೊದಲ ಕಾರ್ಡ್ ಬರೆಯಲು ಕೂತಳು. ಹೇಗೆ ಶುರು ಮಾಡೋದು? ಅಪ್ಪ ಹೇಳಿಕೊಟ್ಟರು: "ಉಭಯ ಕುಶಲೋಪರಿ ಸಾಂಪ್ರತ." ಎರಡೂ ಕಡೆಯ ಕ್ಷೇಮ ಸಮಾಚಾರ ಮುಗೀತು, ಇನ್ನು ವಿಷಯಕ್ಕೆ ಬರೋಣ ಅಂತ ಅರ್ಥವಂತೆ. ಎದುರಿಗೆ ಕಂಪ್ಯೂಟರ್ ನೆಟ್‌ವರ್ಕ್ಸ್ ಪುಸ್ತಕ ಇಟ್ಕೊಂಡಿದ್ದ ನನಗೆ ನಗು ಬಂತು. ಟಿಸಿಪಿಯ ಹ್ಯಾಂಡ್‌ಶೇಕ್ ಇದೇ ಅಲ್ವಾ? ಆದರೆ ಪೋಸ್ಟ್ ಕಾರ್ಡ್ ನಿಜವಾಗಿ ಯುಡಿಪಿ. ಡಬ್ಬಕ್ಕೆ ಹಾಕಿದ ಮೇಲೆ ತಲುಪಿತೋ ಇಲ್ಲವೋ ಹೇಳುವವರಿಲ್ಲ, ಬ್ಲೂ ಟಿಕ್ ಅಂತೂ ಇಲ್ಲವೇ ಇಲ್ಲ.

ಆರನೇ ದಿನ ಅವಳ ಮೊದಲ ಕಾರ್ಡ್ ಬಂತು. "ಅಮ್ಮಾ, ನಂಗೆ ಇಲ್ಲಿ ಬೇಡ. ರಾತ್ರಿ ಅಳು ಬರುತ್ತೆ. ಬಂದು ಕರ್ಕೊಂಡ್ ಹೋಗು."

ಅಮ್ಮ ಓದಿದವಳೇ ಒಲೆ ಆರಿಸಿದಳು. ಅಪ್ಪ ಬಸ್ಸಿನ ಟೈಮ್ ನೋಡೋಕೆ ಶುರು ಮಾಡಿದರು. ನಾನು ಕಾರ್ಡ್ ತಿರುಗಿಸಿ ತಾರೀಕು ನೋಡಿದೆ. ಬರೆದಿದ್ದು ಎರಡನೇ ದಿನ. "ಅಪ್ಪಾ, ಇದು ನಾಲ್ಕು ದಿನ ಹಳೇ ಡೇಟಾ. ಮೊದಲು ಫೋನ್ ಮಾಡಿ."

ಇನ್ನೂ ಅಳ್ತಿದ್ರೆ ಹೊರಡೋದೇ ಅಂತ ತೀರ್ಮಾನಿಸಿ ಅಪ್ಪ ಫೋನ್ ಮಾಡಿದರು. ಮೇಷ್ಟ್ರು ಹೇಳಿದ್ದು: "ಎರಡು ರಾತ್ರಿ ಅತ್ತಿದ್ದು ನಿಜ ಸಾರ್. ಈಗ ನಾಟಕದಲ್ಲಿ ಕರಡಿ ಪಾರ್ಟ್ ಮಾಡ್ತಿದಾಳೆ, ಅಂಗಳದಲ್ಲೇ ಇದಾಳೆ. ಕರೀಲಾ? ನಿಮ್ಮ ದನಿ ಕೇಳಿದ್ರೆ ಮತ್ತೆ ಮನೆ ನೆನಪಾಗಬಹುದು. ನೀವು ಹೇಳಿದ ಹಾಗೆ." ಸ್ಪೀಕರ್‌ನಲ್ಲಿ ಮಕ್ಕಳ ಗಲಾಟೆ ಕೇಳ್ತಿತ್ತು. ಅಮ್ಮ ಅದರಲ್ಲಿ ಮಗಳ ದನಿ ಹುಡುಕ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಬೇಡ ಬಿಡಿ, ಆಡ್ಲಿ" ಅಂದಳು. ಅಷ್ಟು ಹೇಳೋಕೆ ಅವಳಿಗೆ ಎಷ್ಟು ಕಷ್ಟ ಆಯ್ತು ಅನ್ನೋದನ್ನ ಪಕ್ಕದಲ್ಲೇ ಕೂತು ನೋಡಿದ್ದೇನೆ.

ಅವತ್ತು ರಾತ್ರಿ ಬರೆದ ಕಾರ್ಡಿನಲ್ಲಿ ಅಮ್ಮ "ನೀನಿಲ್ಲದೆ ಮನೆ ಬಿಕೋ ಅಂತಿದೆ" ಅಂತ ಬರೆಯಹೊರಟಳು. ಅಪ್ಪ ತಡೆದರು: "ಅದನ್ನ ಓದಿದ್ರೆ ಕೂಸು ಮತ್ತೆ ಅಳುತ್ತೆ." ಅದರ ಬದಲು ಅಮ್ಮ ಕೇಳಿದ್ದು ಎರಡೇ ಪ್ರಶ್ನೆ: ಕರಡಿ ವೇಷಕ್ಕೆ ಏನು ಹಾಕ್ಕೊಂಡೆ? ನಿಮ್ಮ ರೂಮಲ್ಲಿ ಯಾರು ಗೊರಕೆ ಹೊಡೀತಾರೆ?

ಉತ್ತರದ ಕಾರ್ಡ್ ಬರುವಷ್ಟರಲ್ಲಿ ತಂಗಿಯೇ ಮನೆಗೆ ಬಂದಾಗಿತ್ತು. ಪೋಸ್ಟ್‌ಮ್ಯಾನ್ ಕೈಯಿಂದ ಕಸಿದುಕೊಂಡು ತಾನೇ ಜೋರಾಗಿ ಓದಿದಳು: "ಗೋಣಿಚೀಲ ಅಮ್ಮಾ, ತುಂಬಾ ಚುಚ್ಚುತ್ತೆ. ಗೊರಕೆ ಹೊಡೆಯೋದು ಮೇಷ್ಟ್ರು!"

ಹಾಸ್ಟೆಲ್‌ನಲ್ಲಿರೋ ನಮಗೆಲ್ಲ ದಿನಾ ಮನೆಯಿಂದ ಫೋನ್ ಬರುತ್ತೆ. "ಊಟ ಆಯ್ತಾ?" "ಹ್ಞೂ." ಒಂದು ಬಿಟ್ ಮಾಹಿತಿ, ಕರೆ ಮುಕ್ತಾಯ. ಲೈನ್ ಸದಾ ಇರುತ್ತೆ, ಅದರಲ್ಲಿ ಹೋಗೋದು ಮಾತ್ರ ಏನೂ ಇಲ್ಲ. ನಾಲ್ಕು ದಿನ ತಡವಾಗಿ ಬಂದ ಗೋಣಿಚೀಲದ ಸುದ್ದಿಯಲ್ಲಿ ಅವಳ ಇಡೀ ಶಿಬಿರವೇ ಇತ್ತು. ಅಂದಿನಿಂದ ಅಮ್ಮ ನನಗೂ ಪ್ರಶ್ನೆ ಬದಲಾಯಿಸಿದ್ದಾಳೆ. "ನಿನ್ನ ರೂಮ್‌ಮೇಟ್ ಗೊರಕೆ ಹೊಡೀತಾನೇನೋ?" ಅಂದ ದಿನ ಇಪ್ಪತ್ತು ನಿಮಿಷ ಮಾತಾಡಿದೆವು.

ಮುಂದಿನ ಬೇಸಿಗೆಗೆ ನಿಮ್ಮ ತಮ್ಮನೋ ತಂಗಿಯೋ ಶಿಬಿರಕ್ಕೆ ಹೊರಟರೆ, ವಿಳಾಸ ಬರೆದ ನಾಲ್ಕು ಕಾರ್ಡ್ ಬ್ಯಾಗಿಗೆ ಹಾಕಿ ಕಳಿಸಿ. ಅಳುವ ಕಾರ್ಡ್ ಬಂದರೆ ಗಾಬರಿ ಬೇಡ, ಮೊದಲು ತಾರೀಕು ನೋಡಿ. ಆಮೇಲೆ ಮೇಷ್ಟ್ರಿಗೆ ಒಂದು ಫೋನ್ ಮಾಡಿ.