ಅಬಿಡ್ಸ್ ಫುಟ್‌ಪಾತಿನಿಂದ ಹೈಲ್ಯಾಂಡ್ಸ್ ದಾರಿ

ಭಾನುವಾರ ಹೈದರಾಬಾದಿನ ಅಬಿಡ್ಸ್‌ನಲ್ಲಿ ಅಂಗಡಿಗಳಿಗೆ ರಜೆ, ಅವುಗಳ ಮುಂದಿನ ಫುಟ್‌ಪಾತಿಗೆ ಸುಗ್ಗಿ. ಎಂಜಿನಿಯರಿಂಗ್ ಪಠ್ಯ, ಉರ್ದು ಶಾಯರಿ, ತೆಲುಗು ಪತ್ತೇದಾರಿ, ಹಾಳೆ ಹಳದಿಯಾದ ಇಂಗ್ಲಿಷ್ ಕಾದಂಬರಿ ಎಲ್ಲ ಒಂದೇ ಟಾರ್ಪಾಲಿನ ಮೇಲೆ ಹರಡಿಕೊಂಡಿರುತ್ತವೆ. ಅಲ್ಲಿ ನನಗೆ ಸಿಕ್ಕಿದ್ದು ಡಯಾನಾ ಗ್ಯಾಬಲ್ಡನ್ ಅವರ ‘ಔಟ್‌ಲ್ಯಾಂಡರ್’. 1991ರಲ್ಲಿ ಬಂದ ಈ ದಪ್ಪ ಪುಸ್ತಕದಲ್ಲಿ ಎರಡನೇ ಮಹಾಯುದ್ಧ ಮುಗಿಸಿ ಬಂದ ಕ್ಲೇರ್ ಎಂಬ ನರ್ಸ್, ಸ್ಕಾಟ್ಲೆಂಡಿನ ಇನ್ವರ್ನೆಸ್ ಬಳಿಯ ನಿಲಸುಗಲ್ಲುಗಳ ನಡುವೆ ಕಾಲಿಟ್ಟು 1743ಕ್ಕೆ ಜಾರಿಬೀಳುತ್ತಾಳೆ. ಅವಳ ಕಿಟಕಿಯತ್ತ ನೋಡುತ್ತ ಮಳೆಯಲ್ಲಿ ನಿಂತ ಹೈಲ್ಯಾಂಡರ್‌ನ ಆಕೃತಿ ಮೊದಲ ಅಧ್ಯಾಯಗಳಲ್ಲೇ ಬರುತ್ತದೆ. ಓದುತ್ತ ಓದುತ್ತ ಮೈ ಜುಮ್ಮೆಂದಿತು. ಅಲ್ಲಿಂದ ಸ್ಕಾಟಿಷ್ ಪ್ರಣಯ ಕಾದಂಬರಿಗಳ ಹುಚ್ಚು ಹತ್ತಿತು. ಕುಲಗಳ ಹಗೆ, ಮಂಜು ಮುಸುಕಿದ ಕೋಟೆ, ಮುಂದಾಗುವುದನ್ನು ಮೊದಲೇ ಕಾಣುವ ಮುದುಕಿ, ಸಾವನ್ನೂ ದಾಟಿ ಬರುವ ಪ್ರಿಯಕರ, ಯಾವುದೂ ಸಾಕೆನಿಸಲಿಲ್ಲ.

ಈ ಕಾದಂಬರಿಗಳ ಬೆನ್ನ ಹಿಂದೆ ಒಂದು ದೊಡ್ಡ ಸೋಲಿದೆ. 1746ರ ಏಪ್ರಿಲ್ 16ರಂದು ಕಲೋಡನ್ ಬಯಲಿನಲ್ಲಿ ಬ್ರಿಟಿಷ್ ಸರ್ಕಾರದ ಸೇನೆಯೆದುರಿನ ಯುದ್ಧ ಒಂದು ತಾಸಿನೊಳಗೆ ಮುಗಿದು, ಹೈಲ್ಯಾಂಡರ್‌ಗಳ ಹಳೆಯ ಬದುಕೇ ಕುಸಿಯಿತು. ಅವರ ಉಡುಪನ್ನು ಕೂಡ ಕಾನೂನು ಮಾಡಿ ನಿಷೇಧಿಸಿದರು. ಕಳೆದುಹೋದುದನ್ನು ಮತ್ತೆ ಕಾಣುವ ಆಸೆಯೇ ಅಲ್ಲಿ ದೆವ್ವವಾಗಿ, ಕಾಲದ ಬಾಗಿಲಾಗಿ ಬರುತ್ತದೆ. ಹಾಗೆಂದೇ ಅಲ್ಲಿನ ಅತಿಮಾನುಷ ನನಗೆ ಹೆದರಿಕೆಗಿಂತ ಹಂಬಲವಾಗಿ ಕಂಡಿತು.

ಈ ದಾರಿಯನ್ನು ತೆರೆದವನು ಸರ್ ವಾಲ್ಟರ್ ಸ್ಕಾಟ್. ಅವನ ಹಾದಿಯಲ್ಲೇ ಬಂಗಾಳಿಯಲ್ಲಿ ಐತಿಹಾಸಿಕ ಪ್ರಣಯ ಬರೆದ ಬಂಕಿಮಚಂದ್ರರನ್ನು ಬಿ. ವೆಂಕಟಾಚಾರ್ಯರು ಕನ್ನಡಕ್ಕೆ ತಂದರು. ಕನ್ನಡದ ಓದುಗರಿಗೆ ಈ ರುಚಿ ಹತ್ತಿ ನೂರು ವರ್ಷದ ಮೇಲಾಯಿತು. ಸ್ಕಾಟ್ 1827ರಲ್ಲಿ ಬರೆದ ‘ದಿ ಸರ್ಜನ್ಸ್ ಡಾಟರ್’ ಇನ್ನೂ ಹತ್ತಿರದ್ದು. ಸ್ಕಾಟ್ಲೆಂಡಿನ ಹಳ್ಳಿಯ ವೈದ್ಯನ ಮಗಳು ಮೆನಿ ಗ್ರೇ ಮೋಸಹೋಗಿ ಭಾರತಕ್ಕೆ ಬರುತ್ತಾಳೆ. ಫಕೀರನ ವೇಷದ ಹೈದರಾಲಿ ಅವಳ ಪಾಲಿಗೆ ಕಾಪಾಡುವವನಾಗುತ್ತಾನೆ. ಕತೆಯ ಕೊನೆಯ ಘಟ್ಟ ನಡೆಯುವುದು ನಮ್ಮ ಬೆಂಗಳೂರಿನಲ್ಲಿ! ಸ್ಕಾಟ್ ಭಾರತಕ್ಕೆ ಬಂದವನೇ ಅಲ್ಲ. ಗ್ಯಾಬಲ್ಡನ್ ಕೂಡ ಮೊದಲ ಕಾದಂಬರಿಗೆ ಕೂತಾಗ ಸ್ಕಾಟ್ಲೆಂಡನ್ನು ಕಂಡಿರಲಿಲ್ಲ. ಕಾಣದ ಊರನ್ನು ಇಷ್ಟು ಪ್ರೀತಿಸಬಹುದೆಂದು ತಿಳಿದು ನನಗೂ ಧೈರ್ಯ ಬಂತು. ಇನ್ವರ್ನೆಸ್ ದೂರವಿದ್ದರೇನು, ಕೋಠಿ ಅಬಿಡ್ಸ್‌ನಿಂದ ನಡೆದು ಹೋಗುವಷ್ಟು ಹತ್ತಿರ.

ಕೋಠಿಯ ಬಸ್ಸುಗಳ ಗದ್ದಲ ದಾಟಿ ಮಹಿಳಾ ವಿಶ್ವವಿದ್ಯಾಲಯದ ಆವರಣ ಹೊಕ್ಕರೆ ಎದುರಿಗೇ ಹಳೆಯ ಬ್ರಿಟಿಷ್ ರೆಸಿಡೆನ್ಸಿ. ಮೆಟ್ಟಿಲುಗಳ ಇಕ್ಕೆಲದಲ್ಲಿ ಸಿಂಹಗಳು, ಮೇಲೆ ಕೊರಿಂಥಿಯನ್ ಕಂಬಗಳು. 1803ರಲ್ಲಿ ಕೆಲಸ ಶುರುಮಾಡಿಸಿದವನು ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟ್ ಜೇಮ್ಸ್ ಅಕಿಲಿಸ್ ಕರ್ಕ್‌ಪ್ಯಾಟ್ರಿಕ್. ಅವನು ಹೈದರಾಬಾದಿನ ಗಣ್ಯ ಸಯ್ಯದ್ ಮನೆತನದ ಹದಿಹರೆಯದ ಖೈರುನ್ನೀಸಾಳನ್ನು ಇಸ್ಲಾಂ ಸ್ವೀಕರಿಸಿ ಮದುವೆಯಾದ. ಅದಕ್ಕಾಗಿ ಕಂಪನಿಯ ವಿಚಾರಣೆ ಎದುರಿಸಿದ.

ಕಟ್ಟಡದ ಹಿಂಬದಿಯಲ್ಲಿ, ಬೇಗಂ ಇದ್ದ ಜನಾನಾದ ತೋಟದ ಜಾಗದಲ್ಲಿ, ಇದೇ ರೆಸಿಡೆನ್ಸಿಯ ಪುಟ್ಟ ಮಾದರಿಯೊಂದಿದೆ. ಹತ್ತಿರ ಕೂತು ನೋಡಿದೆ: ಅದೇ ಕಂಬಗಳು, ಅದೇ ಗತ್ತು, ಎಲ್ಲ ಬೊಂಬೆಮನೆಯ ಅಳತೆಯಲ್ಲಿ. ಪರ್ದಾ ಬಿಟ್ಟು ಮುಂಭಾಗಕ್ಕೆ ಬರಲಾಗದ ಹೆಂಡತಿ ಗಂಡನ ಮಹಲು ಹೇಗಿದೆಯೆಂದು ನೋಡಲಿ ಅಂತ ಕಟ್ಟಿಸಿದ್ದು ಎಂದು ಹೈದರಾಬಾದಿನವರು ಹೇಳುತ್ತಾರೆ. ಅವಳಿದ್ದ ರಂಗಮಹಲು ಇಂದು ಇಲ್ಲ. ಮಾದರಿ ಉಳಿದಿದೆ. ಎಷ್ಟು ಕಾದಂಬರಿ ಓದಿದರೂ ಇಂಥದೊಂದು ಕಾಣಿಕೆಯನ್ನು ನಾನು ಕಲ್ಪಿಸಿಕೊಂಡಿರಲಿಲ್ಲ.

ಇವರ ಕತೆಯನ್ನು ‘ವೈಟ್ ಮೊಘಲ್ಸ್’ ಎಂಬ ಹೆಸರಲ್ಲಿ 2002ರಲ್ಲಿ ಜಗತ್ತಿಗೆ ಹೇಳಿದವರು ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ವಿಲಿಯಂ ಡಾಲ್ರಿಂಪಲ್. ಅವರಿಗೆ ಬೇಕಾದ ಪರ್ಷಿಯನ್ ಗ್ರಂಥವೊಂದು ಸಿಕ್ಕಿದ್ದು ಚಾರ್‌ಮಿನಾರ್ ಬಳಿಯ ಹಳೆಯ ಪುಸ್ತಕದಂಗಡಿಯಲ್ಲಿ. ಈ ಊರಿನ ಹಳೆ ಪುಸ್ತಕಗಳ ಕೈಗುಣವೇ ಅಂಥದ್ದು!

1805ರಲ್ಲಿ ದಂಪತಿಯ ಇಬ್ಬರು ಮಕ್ಕಳನ್ನು ಇಂಗ್ಲೆಂಡಿಗೆ ಕಳಿಸಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಕರ್ಕ್‌ಪ್ಯಾಟ್ರಿಕ್ ಕಲ್ಕತ್ತಾದಲ್ಲಿ ತೀರಿಕೊಂಡ. ಖೈರುನ್ನೀಸಾ ಮಕ್ಕಳ ಮುಖ ಮತ್ತೆ ಕಾಣದೆಯೇ 1813ರಲ್ಲಿ ಕಣ್ಣುಮುಚ್ಚಿದಳು. ಮಗಳು ಸಾಹಿಬ್ ಬೇಗಂ ಅಲ್ಲಿ ಕಿಟ್ಟಿಯಾಗಿ ಬೆಳೆದಳು. 1824ರಲ್ಲಿ ಅವಳನ್ನು ಕಂಡು ಮರುಳಾದವನು ಸ್ಕಾಟಿಷ್ ಲೇಖಕ ಥಾಮಸ್ ಕಾರ್ಲೈಲ್. ಅವನ ‘ಸಾರ್ಟರ್ ರಿಸಾರ್ಟಸ್’ನ ಬ್ಲೂಮಿನ್ ಎಂಬ ನಾಯಕಿಗೆ ಕಿಟ್ಟಿಯೇ ಪ್ರೇರಣೆ ಎನ್ನುವವರು ಅನೇಕರು. ಅಂದರೆ, ಸ್ಕಾಟಿಷ್ ಪುಸ್ತಕವೊಂದರ ಪ್ರಣಯದಲ್ಲಿ ಹೈದರಾಬಾದಿನ ಮಗಳು ಕೂತಿದ್ದಾಳೆ! ಮುಂದೆ ಕಿಟ್ಟಿ ತಂದೆಯ ಸಹಾಯಕನಾಗಿದ್ದವನ ಇಂಗ್ಲೆಂಡಿನ ಮನೆಗೆ ಹೋದಾಗ, ಅಲ್ಲಿ ತೂಗುಹಾಕಿದ್ದು ತನ್ನದೇ ಬಾಲ್ಯದ ಚಿತ್ರ: ಹೈದರಾಬಾದಿ ಉಡುಪಿನಲ್ಲಿ ಅವಳು, ಪಕ್ಕದಲ್ಲಿ ಅಣ್ಣ, ಮದ್ರಾಸಿನಲ್ಲಿ ಹಡಗು ಹತ್ತುವ ಮುನ್ನ ಜಾರ್ಜ್ ಚಿನ್ನರಿ ಬರೆದದ್ದು. ಅದರ ಬೆನ್ನಿಗೇ, 1841ರಲ್ಲಿ, ಹೈದರಾಬಾದಿನಲ್ಲಿ ಬದುಕಿದ್ದ ಅಜ್ಜಿ ಶರಫುನ್ನೀಸಾಳಿಗೂ ಅವಳಿಗೂ ಪತ್ರವ್ಯವಹಾರ ಶುರುವಾಯಿತು. ಮೂವತ್ತಾರು ವರ್ಷದ ಕಂದರವನ್ನು ಕಾಗದ ದಾಟಿಸಿತು. ಕ್ಲೇರ್‌ಗೆ ಕಲ್ಲು ಮಾಡಿಕೊಟ್ಟ ಉಪಕಾರವನ್ನು ಕಿಟ್ಟಿಗೆ ಒಂದು ಚಿತ್ರ ಮಾಡಿಕೊಟ್ಟಿತು.

ಹಾಗೆ ನೋಡಿದರೆ ಕಲ್ಲುಗಳೂ ನಮ್ಮಲ್ಲಿವೆ. ನಮ್ಮ ಊರೂರಿನ ಚರಿತ್ರೆ ಹೇಳುವ ಕೈಫಿಯತ್ತುಗಳನ್ನು ಸಂಗ್ರಹಿಸಿದ ಕಾಲಿನ್ ಮೆಕೆಂಜಿ ಹುಟ್ಟಿದ ಲೂಯಿಸ್ ದ್ವೀಪದಲ್ಲಿ ಕ್ಯಾಲನಿಶ್‌ನ ನಿಲಸುಗಲ್ಲುಗಳಿದ್ದರೆ, ರಾಯಚೂರಿಗೆ ಸಮೀಪದ ಕೃಷ್ಣಾ ದಂಡೆಯಲ್ಲಿ, ತೆಲಂಗಾಣದ ಮುಡುಮಾಲದಲ್ಲಿ, ಹತ್ತು ಹದಿನಾಲ್ಕು ಅಡಿ ಎತ್ತರದ ನಿಲಸುಗಲ್ಲುಗಳಿವೆ. ಒಂದನ್ನು ಊರವರು ಯಲ್ಲಮ್ಮನೆಂದು ಪೂಜಿಸುತ್ತಾರೆ. 2025ರಲ್ಲಿ ಈ ತಾಣ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿತು.

ಪ್ರಣಯ ಕಾದಂಬರಿಯನ್ನು ಹಗುರ ಓದೆಂದು ಬದಿಗಿಡುವವರು ಒಮ್ಮೆ ಹೀಗೆ ಓದಿ, ಎದ್ದು ಕೋಠಿಯವರೆಗೆ ನಡೆದು ನೋಡಲಿ. ನನ್ನನ್ನು ಇತಿಹಾಸದ ಬಾಗಿಲಿಗೆ ತಂದು ನಿಲ್ಲಿಸಿದ್ದು ಅದೇ ಓದು. ಇನ್ನು ನನ್ನದೊಂದೇ ಆಸೆ: ಮುಡುಮಾಲದ ಕಲ್ಲುಗಳ ನಡುವೆ ಕಾಲಿಟ್ಟ ರಾಯಚೂರಿನ ಹುಡುಗಿಯೊಬ್ಬಳು 1858ರ ಸುರಪುರದಲ್ಲಿ, ಬ್ರಿಟಿಷರ ವಿರುದ್ಧ ಎದ್ದ ರಾಜಾ ವೆಂಕಟಪ್ಪನಾಯಕನ ದಂಡಿನ ನಡುವೆ ಕಣ್ಣುಬಿಡುವ ಕಾದಂಬರಿಯನ್ನು ಯಾರಾದರೂ ಕನ್ನಡದಲ್ಲಿ ಬರೆಯಬೇಕು. ಅಬಿಡ್ಸ್‌ನ ಫುಟ್‌ಪಾತಿಗೆ ಬರುವವರೆಗೆ ನಾನು ಕಾಯಲಾರೆ, ಹೊಸದನ್ನೇ ಕೊಳ್ಳುತ್ತೇನೆ.