ಯಾರ ಎಡ?

ಪ್ಲಾಸ್ಟಿಕ್ ಮಾಡೆಲ್ ಕಟ್ಟೋರೆಲ್ಲ ಹೊಸಬರಿಗೆ ಹೇಳೋ ಮೊದಲ ಮಾತು: ಬೇಕಾದಾಗ ಮಾತ್ರ ಕತ್ತರಿಸು. ಕಿಟ್ ಡಬ್ಬಿ ತೆಗೆದ್ರೆ ಬಿಡಿಭಾಗಗಳೆಲ್ಲ ಒಂದು ಚೌಕಟ್ಟಿಗೆ ಅಂಟಿಕೊಂಡಿರುತ್ತವೆ. ಅದಕ್ಕೆ ನಾವು ಸ್ಪ್ರೂ ಅಂತೀವಿ. ನಂಬರ್ ಇರೋದು ಭಾಗದ ಮೇಲಲ್ಲ, ಅದರ ಪಕ್ಕ ಸ್ಪ್ರೂ ಮೇಲೆ. ನಿಪ್ಪರ್ ಇಟ್ಟು ಕಟ್ ಅನ್ಸಿದ್ರೆ ಭಾಗ ಕೈಗೆ ಬರುತ್ತೆ, ಹೆಸರು ಅಲ್ಲೇ ಉಳಿಯುತ್ತೆ.

ನಾನು ಒಂದೇ ದಿನದಲ್ಲಿ ಎಲ್ಲವನ್ನೂ ಕತ್ತರಿಸಿದೆ. ಕಾರಣ ಬಹಳ ಸಿಂಪಲ್. ಸ್ಪ್ರೂಗಳು ಹಾಸ್ಟೆಲ್ ಬ್ಯಾಗಿನಲ್ಲಿ ಹಿಡಿಸಲಿಲ್ಲ, ಐಸ್ ಕ್ರೀಮ್ ಡಬ್ಬಿ ಹಿಡಿಸಿತು.

ಕಿಟ್ ಮಿಗ್-21ದು, 1/72 ಅಳತೆ. 2025ರ ಸೆಪ್ಟೆಂಬರ್‌ನಲ್ಲಿ ನಮ್ಮ ವಾಯುಪಡೆ ಈ ವಿಮಾನವನ್ನ ನಿವೃತ್ತಿ ಮಾಡಿದಾಗ ಟಿವಿಯಲ್ಲಿ ನೋಡಿ ಆಸೆಯಾಗಿ ತರಿಸಿಕೊಂಡಿದ್ದೆ. ನಿಜವಾದ ವಿಮಾನದ ರೆಕ್ಕೆಯ ತುದಿಯಿಂದ ತುದಿಗೆ 7 ಮೀಟರ್ ಚಿಲ್ಲರೆ. ಮಾಡೆಲ್‌ನಲ್ಲಿ ಅದು 10 ಸೆಂ.ಮೀ. ಕೂಡ ಇಲ್ಲ. ಅಂದ್ಮೇಲೆ ಚಕ್ರದ ಬಾಗಿಲು ಎಷ್ಟಿರಬಹುದು ಯೋಚನೆ ಮಾಡಿ. ಉಗುರಿನ ಚೂರು.

ಮೂರನೇ ಸೆಮ್ ಮುಗಿದ ರಜೆ. ಕತ್ತರಿಸೋದು ನಾನು, ಗುರುತು ಹಾಕೋದು ತಾತ ಅಂತ ಆಯ್ತು. ತಾತ ಒಂದು ಕಾರ್ಖಾನೆಯಲ್ಲಿ 31 ವರ್ಷ ಫಿಟ್ಟರ್ ಆಗಿದ್ದವರು. ಮಾರ್ಕಿಂಗ್ ಅಂದ್ರೆ ಅವರಿಗೆ ಅರ್ಧ ಕೆಲಸ ಮುಗಿದ ಹಾಗೆ. ಫಸ್ಟ್ ಇಯರ್ ಫಿಟ್ಟಿಂಗ್ ಲ್ಯಾಬಲ್ಲಿ ನಾವೂ ಕಬ್ಬಿಣದ ತುಂಡಿಗೆ ಸೀಮೆಸುಣ್ಣ ಬಳಿದು, ಸ್ಕ್ರೈಬರ್‌ನಿಂದ ಗೆರೆ ಎಳೆದು, ಗೆರೆ ಅಳಿಸಿ ಹೋಗಬಾರದು ಅಂತ ಮೇಲೆ ಡಾಟ್ ಪಂಚ್ ಹೊಡೆದಿದ್ವಿ. ನಮಗೆ ಅದು ಹತ್ತು ಮಾರ್ಕ್ಸು. ತಾತನಿಗೆ ಸಂಬಳ.

ತಾತನ ಮೊದಲ ನಿಯಮ: ಕೊನೆಗೆ ಮುಚ್ಚಿಹೋಗೋ ಮುಖದ ಮೇಲೆ ಬರಿ. ಎರಡನೇದು: ಅಂಟು ಹಚ್ಚೋ ಜಾಗದಲ್ಲಿ ಬರೀಬೇಡ. ಮಾಡೆಲ್ ಸಿಮೆಂಟ್ ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತೆ. ಅಲ್ಲಿ ಶಾಯಿ ಇದ್ರೆ ಅದೂ ಕರಗಿ ಜಾಯಿಂಟ್ ತುಂಬ ಮಸಿ. ಇದನ್ನ ತಾತನಿಗೆ ನಾನು ಹೇಳಿರಲಿಲ್ಲ, ಬಾಟಲಿ ಮೂಸಿ ನೋಡಿ ಅವರೇ ಹೇಳಿದ್ರು. ದೊಡ್ಡ ಭಾಗಗಳ ಒಳಮೈ ಮೇಲೆ ಮೆತ್ತನೆ ಪೆನ್ಸಿಲ್‌ನಲ್ಲಿ ನಂಬರ್ ಬರೆದ್ರು. ಕಾಕ್‌ಪಿಟ್‌ನ ಪಾರದರ್ಶಕ ಮುಚ್ಚಳವನ್ನ ಮುಟ್ಟಲೇ ಇಲ್ಲ, ಮಾಸ್ಕಿಂಗ್ ಟೇಪ್ ತುಂಡಿನ ಮೇಲೆ ನಂಬರ್ ಬರೆದು ಅಂಟಿಸಿದ್ರು. ಕೆಲವು ತೀರಾ ಚಿಕ್ಕವನ್ನ ನಂಬರಿನ ಬಿಲ್ಲೆ ಸಮೇತ ಸ್ಪ್ರೂ ತುಂಡಿನ ಜೊತೆಗೇ ಕತ್ತರಿಸೋಕೆ ಹೇಳಿದ್ರು. ಎಲ್ಲವನ್ನೂ ಹಾಗೇ ಮಾಡಬಹುದಿತ್ತು, ಆದ್ರೆ ಅಷ್ಟೊತ್ತಿಗೆ ನಾನು ಮುಕ್ಕಾಲು ಪಾಲು ಬೋಳಿಸಿ ಆಗಿತ್ತು.

ನಾನು ಮಾತ್ರ ಅವಸರದಲ್ಲಿ ಒಂದು ರೆಕ್ಕೆಯ ಮೇಲ್ಮೈಗೆ ಪರ್ಮನೆಂಟ್ ಮಾರ್ಕರ್‌ನಲ್ಲಿ 4 ಅಂತ ಗೀಚಿದೆ. ಪೈಂಟ್ ಹೊಡೆದ್ರೆ ಮುಚ್ಚಿಹೋಗುತ್ತಲ್ಲ! ಹೋಗಲ್ಲ. ಪೈಂಟಿನಲ್ಲಿರೋ ಥಿನ್ನರ್ ಆ ಶಾಯಿಯನ್ನ ಕರಗಿಸಿ ಮೇಲಕ್ಕೆ ಎಳ್ಕೊಳ್ಳುತ್ತೆ. ಎರಡು ಕೋಟ್ ಆದ್ಮೇಲೂ ಬೂದು ಬಣ್ಣದ ಒಳಗಿಂದ ನೇರಳೆ 4 ಇಣುಕುತ್ತಿತ್ತು. ಪೈಂಟ್ ಹಚ್ಚೋ ಮುಂಚೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದ್ರೆ ಹೋಗ್ತಿತ್ತು. ಈಗ ಉಜ್ಜಬೇಕು.

ಉಳಿದದ್ದು ಚಕ್ರದ ಕಾಲು, ಬಾಗಿಲು ಸೇರಿ ಮೂರು ಜೋಡಿ, ಆರು ಚೂರು. ಎರಡಂಕಿಯ ನಂಬರ್ ಬರೆಯೋಕೆ ಅವುಗಳ ಮೇಲೆ ಜಾಗ ಇಲ್ಲ. "ಬರೀ ಎಡ, ಬಲ ಅಂತ ಹಾಕಿ ತಾತ, ಸಾಕು" ಅಂದೆ. ತಾತ ಕನ್ನಡಕ ಏರಿಸಿ ಚಿತ್ರದ ಹಾಳೆ ನೋಡಿದ್ರು.

"ಯಾರ ಎಡ ಕಣೋ? ಕೂತೋನ್ದಾ, ನೋಡೋನ್ದಾ?"

ಫೋನಲ್ಲಿ ರೀಲ್ಸ್ ನೋಡ್ತಾ "ಅಯ್ಯೋ, ಎಡ ಅಂದ್ರೆ ಎಡ ತಾತ" ಅಂದೆ. ಅವರು ಮತ್ತೆ ಕೇಳಲಿಲ್ಲ. ಆರಕ್ಕೂ ಚೂಪು ಪೆನ್ಸಿಲ್‌ನಲ್ಲಿ ಪುಟ್ಟದಾಗಿ 'ಎ', 'ಬ' ಬರೆದ್ರು.

ಹಾಸ್ಟೆಲ್‌ನಲ್ಲಿ ಒಂದು ರಾತ್ರಿ ಒಂದು ಗಂಟೆಗೆ ಅವನ್ನ ಅಂಟಿಸಿದೆ. ವಿಮಾನದಲ್ಲಿ ಎಡ ಅಂದ್ರೆ ಯಾವಾಗಲೂ ಮುಂದಕ್ಕೆ ಮುಖ ಮಾಡಿ ಕೂತ ಪೈಲಟ್‌ನ ಎಡ. ಇದು ನನಗೆ ಎಷ್ಟು ಅಭ್ಯಾಸ ಅಂದ್ರೆ, ಬೇರೆ ಎಡ ಇದೆ ಅನ್ನೋದೇ ಹೊಳೆಯಲಿಲ್ಲ. ಗುರುತು ಇದೆಯಲ್ಲ ಅಂತ ಹಾಳೆ ಕೂಡ ಬಿಚ್ಚಲಿಲ್ಲ. ಕಾಲು ತೂತಿಗೆ ಸರಿಯಾಗಿ ಕೂರ್ತಿರಲಿಲ್ಲ, ಸ್ವಲ್ಪ ಒತ್ತಿದೆ. ಬೆಳಿಗ್ಗೆ ನೋಡಿದ್ರೆ ಬಾಗಿಲುಗಳು ಉಲ್ಟಾ. ಬೆಸೆದ ಪ್ಲಾಸ್ಟಿಕ್ ಬಿಡಿಸೋಕೆ ಹೋಗಿ ಒಂದು ಕಾಲು ಮುರೀತು.

ತಕ್ಷಣ ಫೋನ್ ಮಾಡಿದೆ. "ತಾತ, ನೀವು ಎಲ್ಲಾ ಉಲ್ಟಾ ಬರ್ದಿದೀರ. ಮುರಿದೇ ಹೋಯ್ತು." ನನ್ನ ದನಿ ಹೇಗಿತ್ತು ಅಂತ ನನಗೆ ಗೊತ್ತು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಆಗಿರಬಹುದಪ್ಪ. ಕಣ್ಣು ಮುಂಚಿನ ಹಾಗಿಲ್ಲ" ಅಂದ್ರು. ಕೇಳಿದ್ದೆನಲ್ಲ ಅಂತ ಅನ್ನಲೇ ಇಲ್ಲ.

ಈ ಸೆಮ್ ನಮಗೆ ಮೆಟ್ರಾಲಜಿ ಇದೆ. ತಪ್ಪುಗಳಲ್ಲಿ ಎರಡು ಬಗೆ ಅಂತ ಮೊದಲ ವಾರವೇ ಹೇಳಿಕೊಡ್ತಾರೆ. ಒಂದು ಅಲ್ಲಿಲ್ಲಿ ಹೇಗ್ಹೇಗೋ ಬೀಳೋದು. ಇನ್ನೊಂದು ಪ್ರತಿ ಸಲ ಒಂದೇ ಕಡೆಗೆ ವಾಲೋದು. ಅದನ್ನ ನೋಟ್ಸ್ ಬರೀತಾ ಕೂತಿದ್ದಾಗ ಹೊಟ್ಟೆಯಲ್ಲಿ ಒಂಥರಾ ಆಯ್ತು. ಕಣ್ಣು ಮಂಜಾದವರು ಆರರಲ್ಲಿ ಎರಡೋ ಮೂರೋ ತಪ್ಪಬೇಕು. ಆರಕ್ಕೆ ಆರೂ ತಿರುಗಿಬಿದ್ದಿವೆ ಅಂದ್ರೆ ಅದು ಕಣ್ಣಿನ ತಪ್ಪಲ್ಲ.

ರೂಮಿಗೆ ಬಂದು ಹಾಳೆ ಬಿಚ್ಚಿದೆ. ಚಕ್ರ ಜೋಡಿಸೋ ಹಂತದಲ್ಲಿ ವಿಮಾನವನ್ನ ಹೊಟ್ಟೆ ಮೇಲೆ ಮಾಡಿ, ಮೂತಿ ಕಾಗದದ ಮೇಲ್ತುದಿಗೆ ಬರೋ ಹಾಗೆ ಬರೆದಿದ್ದಾರೆ. ಹಾಗೆ ಮಗುಚಿದಾಗ ಪೈಲಟ್‌ನ ಎಡ ಕಾಗದದ ಬಲಕ್ಕೆ ಬರುತ್ತೆ. ತಾತ ಕಾಗದದ ಎಡಕ್ಕೆ 'ಎ' ಹಾಕಿದ್ರು. ಒಂದೂ ತಪ್ಪಿಲ್ಲ.

ಯುಗಾದಿಗೆ ಊರಿಗೆ ಹೋದಾಗ ಹೊಸ ಕಿಟ್ ಒಯ್ದಿದ್ದೆ. "ನೀನೇ ಮಾಡ್ಕೋ, ನಾನು ಸುಮ್ನೆ ಕೆಡಿಸ್ತೀನಿ" ಅಂತ ತಾತ ಪೇಪರ್ ಓದ್ತಾ ಕೂತ್ರು. ನನಗೆ ಹೇಗೆ ಶುರು ಮಾಡಬೇಕು ಗೊತ್ತಾಗಲಿಲ್ಲ. ಸಾರಿ ಅನ್ನೋದು ನಮ್ಮನೇಲಿ ಅಷ್ಟು ಚಾಲ್ತಿಯಲ್ಲಿಲ್ಲ. ಹಳೇ ಮಿಗ್‌ನ ಹಾಳೆ ಅವರ ಪೇಪರ್ ಮೇಲಿಟ್ಟು, ಮುರಿದ ಕಾಲಿಗೆ ಸ್ಟೇಪ್ಲರ್ ಪಿನ್ ತೂರಿಸಿ ನಿಲ್ಲಿಸಿದ್ದ ವಿಮಾನವನ್ನ ಅದರ ಮೇಲೆ ಮಗುಚಿ ಇಟ್ಟೆ. "ನೀವು ಬರ್ದಿದ್ದು ಸರಿ ಇತ್ತು ತಾತ. ನೀವು ನೋಡೋನ ಎಡ ಬರ್ದಿದ್ರಿ. ನಾನು ಕೂತೋನ ಎಡ ಅಂಟಿಸಿದೆ."

ತಾತ ವಿಮಾನವನ್ನ ಎರಡು ಸಲ ತಿರುಗಿಸಿದ್ರು. ಹಾಳೆ ನೋಡಿದ್ರು. ನನ್ನ ಮುಖ ನೋಡಲಿಲ್ಲ.

"ಬಾಣ ಹಾಕ್ಬೇಕಿತ್ತು" ಅಂದ್ರು. "ಮೂತಿ ಕಡೆಗೊಂದು ಬಾಣ, ಒಳಮೈ ಮೇಲೆ. ಆಗ ಎಡ, ಬಲ ಬೇಕೇ ಇಲ್ಲ."

ಆಮೇಲೆ ಕಿವಿ ಮೇಲಿಂದ ಪೆನ್ಸಿಲ್ ತೆಗೆದು, ಬ್ಲೇಡ್ ಎಲ್ಲಿಟ್ಟಿದೀಯ ಅಂತ ಕೇಳಿದ್ರು.